ನಂಜತ್ತೆಯ ಖಾಲಿ ಗೂಟ

ನನ್ನ ಈಜಿ ಚೇರಿನ ನೆತ್ತಿಯ ಮೇಲೇ ಮೊಮ್ಮಗಳು ಮೊಳೆ ಹೊಡೆದಳು. ವರಾಂಡದಲ್ಲಿ ಗಾಳಿ ಆಡುವ ಮೂಲೆ ಅದೊಂದೇ. ಮಧ್ಯಾಹ್ನ ಅಲ್ಲಿ ಕಣ್ಣು ಮುಚ್ಚಿಕೊಂಡು ಕೂತು, ನಿದ್ದೆ ಮಾಡುತ್ತಿಲ್ಲ, ಯೋಚನೆ ಮಾಡುತ್ತಿದ್ದೇನೆ ಎಂದು ಎಲ್ಲರನ್ನೂ ನಂಬಿಸುವುದು ನನ್ನ ಬಹಳ ವರ್ಷದ ಅಭ್ಯಾಸ. ಗೋಡೆಯ ಸುಣ್ಣವೆಲ್ಲ ನನ್ನ ಬಿಳಿ ತಲೆಗೆ ಉದುರಿತು. ಉದುರಿದ್ದು ಗೊತ್ತಾಗಲಿಲ್ಲ ಅನ್ನುವುದು ಬೇರೆ ಮಾತು.

ಮೊಳೆಗೆ ಒಂದು ಕಾರ್ಕ್ ಬೋರ್ಡ್ ನೇತುಹಾಕಿದಳು. ಅದರ ತುಂಬ ಮ್ಯಾಗಜೀನಿನಿಂದ ಕತ್ತರಿಸಿದ ಚಿತ್ರಗಳು. ಒಂದು ಹಿಮದ ಬೆಟ್ಟ, ಒಂದು ಕಪ್ಪು ನಾಯಿ, ಕಾಲನ್ನು ಕತ್ತಿನ ಹಿಂದಕ್ಕೆ ಹಾಕಿಕೊಂಡೂ ನಗುತ್ತಿರುವ ಒಬ್ಬ ಹುಡುಗಿ. ನಟ್ಟನಡುವೆ, ದೊಡ್ಡದಾಗಿ, ಕರೆಂಟಿನಿಂದ ತಿರುಗುವ ಕುಂಬಾರರ ಚಕ್ರ. ನನ್ನ ಮೊಮ್ಮಗಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಭಾನುವಾರಗಳಲ್ಲಿ ಮಣ್ಣು ಕಲಸುತ್ತಾಳೆ.

"ಇದು ವಿಷನ್ ಬೋರ್ಡ್ ಅಜ್ಜಿ. ಮ್ಯಾನಿಫೆಸ್ಟೇಷನ್ ಅಂತಾರೆ. ಬೇಕಾಗಿರೋದು ಆಗಲೇ ಬಂದುಬಿಟ್ಟಿದೆ ಅಂತ ನಂಬಬೇಕು. ಮಿಕ್ಕಿದ್ದನ್ನ ಯೂನಿವರ್ಸ್ ನೋಡ್ಕೊಳ್ಳುತ್ತೆ."

"ಯಾರು ಮಗು ನೋಡ್ಕೊಳ್ಳೋದು?"

"ಯೂನಿವರ್ಸ್ ಅಜ್ಜಿ, ಯೂನಿವರ್ಸ್!"

"ಇದನ್ನ ಯಾರು ಹೇಳಿಕೊಟ್ಟರು?"

"ಆನ್‌ಲೈನ್ ಕೋರ್ಸ್. ಎಂಟು ವಾರ."

ನನಗೆ ನಗು ತಡೆಯಲಾಗಲಿಲ್ಲ. ಡಿಯರ್ ಗರ್ಲ್, ಎಂಟು ವಾರ! ನಮ್ಮ ನಂಜತ್ತೆ ಇದೇ ಪಾಠವನ್ನು ಹುಣಸೂರಿನ ನಮ್ಮ ಹಿತ್ತಲಲ್ಲಿ, ಒಂದು ಗೂಟ ಮತ್ತು ಒಂದು ಗುಂಡುಕಲ್ಲು ಇಟ್ಟುಕೊಂಡು ಒಂದೇ ಬೆಳಿಗ್ಗೆ ಮುಗಿಸಿದ್ದಳು. ಆಗ ನನಗೆ ಏಳು ವರ್ಷ. ಮೈಸೂರಿನಲ್ಲಿ ಮಹಾರಾಜರು ಇದ್ದರು. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆಯುತ್ತಿತ್ತು. ನಮ್ಮ ಮನೆಯಲ್ಲಿ ನಂಜತ್ತೆ, ಇಲ್ಲದ ಹಸುವಿಗೆ ಕಲಗಚ್ಚು ಇಡುತ್ತಿದ್ದಳು.

ನಂಜತ್ತೆ ನಮ್ಮ ಅಪ್ಪಾಜಿಯ ಅಕ್ಕ. ಅವಳನ್ನು ಕಂಪಲಾಪುರಕ್ಕೆ ಕೊಟ್ಟಿದ್ದರಂತೆ. ಗಂಡ ತೀರಿಕೊಂಡ ಮೇಲೆ ಒಂದು ಹಿತ್ತಾಳೆ ಬಿಂದಿಗೆ ಸೊಂಟದ ಮೇಲಿಟ್ಟುಕೊಂಡು ತವರಿಗೆ ಬಂದಳು. ನಮ್ಮ ಮನೆಯಲ್ಲಿ ಯಾವುದಕ್ಕೂ ಕಡಿಮೆ ಇರಲಿಲ್ಲ. ಮಡಿಕೇರಿ ರಸ್ತೆಯ ಮೇಲೆ ಅಪ್ಪಾಜಿಯ ಮಂಡಿ. ಇಲ್ಲಿಂದ ಅಕ್ಕಿ ಹೇರಿಕೊಂಡು ಕೊಡಗಿಗೆ ಹೋದ ಗಾಡಿಗಳು ಅಲ್ಲಿಂದ ಕಿತ್ತಳೆ ಹೇರಿಕೊಂಡು ಬರುತ್ತಿದ್ದವು. ಕಿತ್ತಳೆ ಕಾಲದಲ್ಲಿ ನಮ್ಮ ಮನೆಯ ಬೆಕ್ಕಿನ ಮೈ ಕೂಡ ಕಿತ್ತಳೆ ವಾಸನೆ ಹೊಡೆಯುತ್ತಿತ್ತು. ಆದರೆ ಆ ಮನೆಯಲ್ಲಿದ್ದದ್ದೆಲ್ಲ ಒಂದೋ ಅಜ್ಜಿಯದು, ಇಲ್ಲ ಅವ್ವನದು. ನಂಜತ್ತೆಯದು ಅನ್ನುವುದು ಆ ಬಿಂದಿಗೆ ಒಂದೇ. ಅವಳಿಗೆ ಒಂದು ಹಸು ಬೇಕಿತ್ತು. ಹಾಲಿಗಲ್ಲ. 'ನಂಜಮ್ಮನ ಹಸು' ಎಂದು ಊರವರು ಕರೆಯಬೇಕು, ಅದಕ್ಕೆ.

ಹಾಗೆಂದು ಅವಳು ಯಾರನ್ನೂ ಕೇಳಲಿಲ್ಲ. ಅಂತರಸಂತೆಯ ಕಡೆಯಿಂದ ಬಿದಿರು ತರುವ ಗಾಡಿಯವನಿಗೆ ಹೇಳಿ ಒಂದು ಗಟ್ಟಿ ಹೊನ್ನೆಯ ಗೂಟ ತರಿಸಿಕೊಂಡಳು. ಹಿತ್ತಲ ನುಗ್ಗೆಮರದ ಪಕ್ಕ ಗುಂಡುಕಲ್ಲಿನಿಂದ ಹೊಡೆದು ನೆಟ್ಟಳು. ಸುತ್ತ ಗುಡಿಸಿ ಸಗಣಿ ಸಾರಿಸಿದಳು. ಗೂಟಕ್ಕೆ ಹೊಸ ಹಗ್ಗ ಕಟ್ಟಿದಳು. ಹಗ್ಗದ ಇನ್ನೊಂದು ತುದಿ ನೆಲದ ಮೇಲೆ ಸುಮ್ಮನೆ ಬಿದ್ದಿತ್ತು.

"ಅಸ ಎಲ್ಲತ್ತೆ?" ಎಂದೆ.

"ಬತ್ತದೆ. ಮೊದ್ಲು ಅದುಕ್ಕೆ ಜಾಗ ಆಗ್ಬೇಕಲ್ಲವಾ? ನೀನು ನೆಂಟರ ಮನೆಗೆ ಓದಾಗ ಅಲ್ಲಿ ಚಾಪೆನೇ ಆಸ್ನಿಲ್ಲ ಅಂದ್ರೆ ಕೂತ್ಕತ್ತೀಯಾ?"

ಅವತ್ತಿನಿಂದ ದಿನಾ ಲಕ್ಷ್ಮಣತೀರ್ಥದ ದಡಕ್ಕೆ ಹೋಗಿ ಒಂದು ಹೊರೆ ಹಸಿ ಹುಲ್ಲು ಕೊಯ್ದು ತಂದು ಗೂಟದ ಮುಂದೆ ಹಾಕುವಳು. ಬಾನಿಯಲ್ಲಿ ಕಲಗಚ್ಚು ತುಂಬುವಳು. ಬರಬೇಕಾದ ಹಸುವಿಗೆ ಗಂಗೆ ಎಂದು ಹೆಸರನ್ನೂ ಇಟ್ಟಾಯಿತು. ಹಿತ್ತಲ ಬೇಲಿಯಾಚೆ ಕಾಳವ್ವನ ಹಟ್ಟಿ. ಕಾಳವ್ವ ಬಾಯಿಗೆ ಎಲೆಅಡಿಕೆ ತುಂಬಿಕೊಂಡು ಬೇಲಿಯ ಮೇಲೆ ಮೊಣಕೈ ಊರುವಳು.

"ಏನ್ ನಂಜಕ್ಕ, ನಿನ್ ಗಂಗೆ ಇವತ್ತು ಎಷ್ಟು ಆಲು ಕೊಟ್ಲು?"

"ಗಬ್ಬ ಕಣೆ ಕಾಳಿ. ಆಲು ಬತ್ತಿಸ್ಬುಟ್ಟಿವ್ನಿ."

"ಅಯ್ಯೋ ಶಿವನೇ! ಓರಿ ಯಾವ್ದಕ್ಕ, ಅದ್ನಾರ ಏಳು!"

"ಅದೂ ಇಂಗೇ ಕಣೆ, ಕಣ್ಣಿಗೆ ಕಾಣಾಕಿಲ್ಲ."

ಬೇಲಿಯ ಎರಡೂ ಕಡೆ ನಗು. ಅಜ್ಜಿ ಮಾತ್ರ ನಡುಮನೆಯಿಂದ, "ನಂಜಿಗೆ ತಲೆ ಕೆಟ್ಟದೆ. ನಾಳೆ ಆ ಗೂಟಕ್ಕೆ ಗೌರಿಹಬ್ಬದ ಬಾಗಿನ ಕೊಟ್ಟಾಳು" ಎಂದು ಗೊಣಗುವಳು.

ಆದರೆ ಒಂದು ವಿಷಯವನ್ನು ನೀವು ಗಮನಿಸಬೇಕು. ಗೂಟ ಹುಲ್ಲು ತಿನ್ನುವುದಿಲ್ಲ. ಸಂಜೆಗೆ ಆ ಹೊರೆ ಹಾಗೇ ಇರುತ್ತಿತ್ತು. ಒಣಗಲು ಬಿಟ್ಟರೆ ಪಾಪ ಎಂದು ನಂಜತ್ತೆ ಅದನ್ನು ಎತ್ತಿ ಬೇಲಿಯಾಚೆ ಕಾಳವ್ವನ ಕೆಂದ ಹಸುವಿನ ಮುಂದೆ ಹಾಕುತ್ತಿದ್ದಳು. ಕಲಗಚ್ಚೂ ಅದಕ್ಕೇ. ಹೀಗೆ ಒಂದು ವರ್ಷ ಪೂರ್ತಿ ಆ ಕೆಂದ ಹಸು ಎರಡು ಮನೆಯ ಊಟ ಮಾಡಿ ತಾಮ್ರದ ಹಾಗೆ ಮಿರುಗುತ್ತಾ, ಗಬ್ಬವಾಗಿ ಕರು ಹಾಕಿತು. ಕರು ಹಾಲು ಬಿಟ್ಟ ಮೇಲೆ ಒಂದು ಬೆಳಿಗ್ಗೆ ಕಾಳವ್ವ ಅದನ್ನು ಎಳೆದುಕೊಂಡು ನಮ್ಮ ಹಿತ್ತಲಿಗೇ ಬಂದಳು.

"ತಕ್ಕೊ ನಂಜಕ್ಕ. ವರ್ಸೊಪ್ಪತ್ತು ನಿನ್ ಉಲ್ಲು ತಿಂದು ಉಟ್ಟಿದ್ದು ಇದು. ನನ್ನಟ್ಟೀಲಿ ಕಟ್ಕೊಂಡ್ರೆ ನಂಗೆ ಅನ್ನ ಸೇರಾಕಿಲ್ಲ."

ನಂಜತ್ತೆ ವರ್ಷದಿಂದ ಕಾಯುತ್ತಿದ್ದ ಹಗ್ಗದ ತುದಿ ಎತ್ತಿ ಕರುವಿನ ಕೊರಳಿಗೆ ಕಟ್ಟಿದಳು. ನಾನು ಕುಣಿದೆ. ಅವ್ವ ಬೆಲ್ಲ ತಂದಳು. ಅಜ್ಜಿ ಬಂದು ಕರುವಿನ ಸುತ್ತ ಒಂದು ಸುತ್ತು ಬಂದಳು, ಬಾಲ ಎತ್ತಿ ನೋಡಿದಳು.

"ಲೇ ನಂಜೀ, ನಿನ್ ಗಂಗೆ ಓರಿಗರ ಕಣೆ!"

ನಂಜತ್ತೆ ಹಗ್ಗದ ಗಂಟು ಬಿಗಿ ಮಾಡಿದಳು. "ಎಸ್ರು ಮೊದ್ಲೇ ಇಟ್ಟಾಗದೆ ಕಣವ್ವ. ಈಗ ಬದ್ಲಾಯ್ಸಿದ್ರೆ ಬೇಜಾರ್ ಮಾಡ್ಕತ್ತದೆ" ಎಂದಳು.

ಹೀಗಾಗಿ ಹುಣಸೂರಿನಲ್ಲಿ ಗಂಗೆ ಎಂಬ ಹೆಸರಿನ ಒಂದು ಹೋರಿ ಇತ್ತು. ಬೆಳೆದ ಮೇಲೆ ಕೋಡು ಬೀಸಿಕೊಂಡು ಬಂದರೆ ಗಂಡಸರು ದಾರಿ ಬಿಡುತ್ತಿದ್ದರು. "ಗಂಗವ್ವಾ" ಎಂದು ನಂಜತ್ತೆ ಕೂಗಿದರೆ ಮಾತ್ರ ತಲೆ ತಗ್ಗಿಸಿಕೊಂಡು ಬರುತ್ತಿತ್ತು. ಎಂಟು ವಾರದ ಕೋರ್ಸಿನಲ್ಲಿ ಇದನ್ನೆಲ್ಲ ಹೇಳಿಕೊಡುತ್ತಾರೋ ಇಲ್ಲವೋ.

ಇಷ್ಟು ಕಣ್ಣಾರೆ ಕಂಡ ಮೇಲೆ ನನಗೂ ಒಂದು ಗೂಟ ಬೇಕೆನ್ನಿಸಿತು.

ಅವ್ವನ ತವರು ಚುಂಚನಕಟ್ಟೆ. ಅಲ್ಲಿಂದ ಬರುವಾಗ ಮಂಡಿಯ ಒಂದು ಪಾರ್ಸೆಲ್ ಬಿಡಿಸಿಕೊಳ್ಳಲು ಅಪ್ಪಾಜಿ ಕೃಷ್ಣರಾಜನಗರದ ಸ್ಟೇಷನ್ನಿನಲ್ಲಿ ನಿಂತರು. ಅಲ್ಲಿ ಅವಳನ್ನು ಕಂಡೆ. ನನ್ನಷ್ಟೇ ವಯಸ್ಸಿನ ಹುಡುಗಿ. ಬಿಳಿ ಫ್ರಾಕು, ಕಪ್ಪು ಬೂಟು, ಜಡೆಗೆ ನೀಲಿ ರಿಬ್ಬನ್ನು. ಪಕ್ಕದಲ್ಲಿ ಒಂದು ತಗಡಿನ ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ಅವಳದೇ ಹೆಸರು! ಕೂಲಿಯವನು ಅದನ್ನೆತ್ತಿ ತಲೆಯ ಮೇಲಿಟ್ಟುಕೊಂಡಾಗ ಅವಳು ಬಿಸ್ಕತ್ತು ತಿನ್ನುತ್ತಲೇ, "ಕೇರ್‌ಫುಲ್!" ಎಂದಳು. ಅಷ್ಟು ದೊಡ್ಡ ಗಂಡಸು ಆ ಒಂದು ಮಾತಿಗೆ ನಿಂತು ಟ್ರಂಕನ್ನು ಸರಿ ಮಾಡಿಕೊಂಡ. ಮೈಸೂರಿನ ಕಾನ್ವೆಂಟಿನಲ್ಲಿ ಓದುವ ಹುಡುಗಿ ಎಂದು ಅಪ್ಪಾಜಿ ಹೇಳಿದರು. ಆ ಮಾತಿನ ಅರ್ಥ ನನಗೆ ಗೊತ್ತಿರಲಿಲ್ಲ. ಆದರೆ ನಮ್ಮ ಊರು ತಲುಪುವುದರೊಳಗೆ ಎತ್ತಿಗೆ ಎರಡು ಸಲ, ಅವ್ವನಿಗೆ ಒಂದು ಸಲ "ಕೇರ್‌ಫುಲ್" ಹೇಳಿಯಾಗಿತ್ತು.

"ನಾನು ಕಾನ್ವೆಂಟಿಗೆ ಹೋಗ್ತೀನಿ" ಎಂದೆ ಮನೆಯಲ್ಲಿ.

ಅಪ್ಪಾಜಿಗೆ ಮನಸ್ಸಿತ್ತು. ಆದರೆ ಅಜ್ಜಿಯ ಮುಂದೆ ಅವರು 'ಹೂಂ' ಎನ್ನುವ ಬದಲು ಕೆಮ್ಮುತ್ತಿದ್ದರು. ನಾವು ಲಿಂಗಧಾರಿಗಳು. ನನ್ನ ಕೊರಳಲ್ಲಿ ಆಗಲೇ ಬೆಳ್ಳಿಯ ಪುಟ್ಟ ಕರಡಿಗೆ, ಅದರೊಳಗೆ ನನ್ನ ಇಷ್ಟಲಿಂಗ. ತನ್ನ ಲಿಂಗಕ್ಕೆ ಪೂಜೆಯಾಗದೆ ಅಜ್ಜಿ ಬಾಯಿಗೆ ಹನಿ ನೀರು ಹಾಕಿಕೊಂಡವಳಲ್ಲ.

"ಮಟನ್ ಬೇಯ್ಸೋ ತಾವ ನಮ್ ಮಗೀನ ಕಳ್ಸಾಕಿಲ್ಲ. ಕೊಳ್ಳಿಂದ ಲಿಂಗ ಕಿತ್ತಾಕಿ ಸಿಲುಬೆ ಕಟ್ತಾರೆ. ಮೊಟ್ಟೆ ತಿನ್ನುಸ್ತಾರೆ. ಈ ಮಾತು ಇಲ್ಲಿಗೇ ಬುಡಿ" ಎಂದಳು. ಅಲ್ಲಿಗೆ ಮುಗಿಯಿತು.

ನಾನು ಅಳುತ್ತಾ ಹಿತ್ತಲಿಗೆ ಹೋದೆ. ನಂಜತ್ತೆ ಗಂಗೆಯ ಮೈ ತಿಕ್ಕುತ್ತಿದ್ದಳು. ತಿರುಗಿ ಕೂಡ ನೋಡದೆ, "ಅತ್ರೆ ಏನ್ ಬತ್ತದೆ? ಓಗು, ಗೂಟ ಹೊಡಿ" ಎಂದಳು.

ನನ್ನ ಗೂಟ ಅಟ್ಟದ ಮೇಲೆ ಸಿಕ್ಕಿತು. ಸೀಮೆಸುಣ್ಣದಲ್ಲಿ ನನ್ನ ಹೆಸರು ಬರೆದ ಒಂದು ಹಳೆಯ ಟ್ರಂಕು. ನನ್ನ ಲಂಗ ರವಿಕೆಗಳನ್ನೆಲ್ಲ ಅದರಲ್ಲಿ ಜೋಡಿಸಿದೆ. ಉಡಲು ಬಟ್ಟೆ ಬೇಕಾದಾಗಲೆಲ್ಲ ಏಣಿ ಹತ್ತಬೇಕಾಯಿತು, ಆದರೂ ತೆಗೆದು ಕೆಳಗಿಡಲಿಲ್ಲ. ಅಪ್ಪಾಜಿಯ ಹಳೆಯ ಬೂಟಿಗೆ ಚಿಂದಿ ತುರುಕಿ ಹಾಕಿಕೊಂಡೆ. ದಿನಾ ಬೆಳಿಗ್ಗೆ ಆ ಬೂಟಿನಲ್ಲಿ ಟಪಟಪ ಎಂದು ಏಣಿ ಹತ್ತುವುದು, ಅದೇ ಮೈಸೂರಿಗೆ ಹೋಗುವುದು. ಹಸಿವಾದರೆ ಇಳಿದು ಬರುವುದು, ಅದು ರಜ.

ಕಾನ್ವೆಂಟಿನ ವಿಷಯ ನನಗೆ ಹೇಗೆ ಗೊತ್ತು ಅಂತೀರಾ? ಅಂಚೆ ಮಾಸ್ತರರ ಮಗಳು ಅಲ್ಲೇ ಓದುತ್ತಿದ್ದಳು. ಅಲ್ಲಿ ಹುಡುಗಿಯರು ಪ್ರತಿ ಭಾನುವಾರ ಮನೆಗೆ ಕಾಗದ ಬರೆಯಲೇಬೇಕು, ಅದು ರೂಲ್. ಆ ಕಾಗದವನ್ನು ಮಾಸ್ತರರು ಅಂಚೆಮನೆಗೆ ಬಂದವರಿಗೆಲ್ಲ ಓದಿ ಹೇಳುತ್ತಿದ್ದರು. ಎಷ್ಟು ಗಂಟೆಗೆ ಏಳುತ್ತಾರೆ, ಏನು ತಿನ್ನುತ್ತಾರೆ, ಎಲ್ಲ ನನಗೆ ಬಾಯಿಪಾಠ. ಹಾಗಾಗಿ ನಾನೂ ಭಾನುವಾರ ತಪ್ಪದೆ ಅಟ್ಟದಿಂದ ಕಾಗದ ಬರೆಯತೊಡಗಿದೆ. ಮಂಡಿಯ ಹಳೆಯ ರಸೀತಿಗಳ ಬೆನ್ನಿನ ಮೇಲೆ, ಅಜ್ಜಿಗೆ.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಮಂಡಿಯ ಗುಮಾಸ್ತ ಮಾದಪ್ಪ ಮಧ್ಯಾಹ್ನ ಮಜ್ಜಿಗೆ ಕುಡಿಯಲು ಬಂದಾಗ ಅವನ ಕೈಗೆ ಕೊಡುತ್ತಿದ್ದೆ. ಅವನು ಕೋರ್ಟಿನ ಸಮನ್ಸ್ ಓದುವ ಗಂಭೀರ ದನಿಯಲ್ಲಿ ಓದುವನು.

"ಮಹಾರಾಜಶ್ರೀ ಅಜ್ಜಿಯವರ ಪಾದಗಳಿಗೆ ಗಿರಿಜೆಯ ಶರಣು. ನಾನು ಮೈಸೂರಿನಲ್ಲಿ ಕ್ಷೇಮ. ಇಲ್ಲಿ ಅನ್ನ ಸಾರು ಮಾಡುತ್ತಾರೆ. ಮೊಟ್ಟೆ ಬೇಡ ಎಂದರೆ ಬಾಳೆಹಣ್ಣು ಕೊಡುತ್ತಾರೆ..."

"ಥೂ, ತಲೆಅರಟೆ! ಅಟ್ಟದ ಮೇಲೆ ಕುಂತ್ಕೊಂಡು ಮೈಸೂರಂತೆ!" ಎಂದು ಅಜ್ಜಿ ಮುಖ ತಿರುಗಿಸಿದಳು.

ಮೂರನೆಯ ಭಾನುವಾರ ಮುಖ ತಿರುಗಿಸಿಕೊಂಡೇ, "ಮಾದಪ್ಪ, ತಲೆಗೆ ಎಣ್ಣೆ ಆಕ್ತಾರಾ ಅಂತ ಬರ್ದವಳಾ ನೋಡು" ಎಂದಳು.

ಬರೆದಿರಲಿಲ್ಲ. ಮುಂದಿನ ವಾರ ಬರೆದೆ. ಎಣ್ಣೆಗೆ ಉತ್ತರವಾದ ಮೇಲೆ ಹೊದಿಕೆ. ಹೊದಿಕೆಯಾದ ಮೇಲೆ, ಜ್ವರ ಬಂದರೆ ಯಾರು ನೋಡುತ್ತಾರೆ. ಒಂದು ವಾರಕ್ಕೆ ಒಂದು ಪ್ರಶ್ನೆ. ಅಜ್ಜಿ ಅಟ್ಟದ ಕಡೆ ತಲೆ ಎತ್ತಿಯೂ ನೋಡದೆ ಮಾದಪ್ಪನನ್ನೇ ಕೇಳುವಳು. ನಾನು ಪಕ್ಕದಲ್ಲೇ ಕೂತಿದ್ದರೂ ಬಾಯಿ ಬಿಡದೆ ಭಾನುವಾರದವರೆಗೆ ಕಾಯುವೆನು. ಕಾಗದ ಅಂದರೆ ಕಾಗದ.

ಆಮೇಲೆ ನನಗೆ ಮಂಗನಬಾವು ಬಂತು. ಎರಡೂ ಕೆನ್ನೆ ಊದಿ ಅಜ್ಜಿಯ ಮಗ್ಗುಲಲ್ಲೇ ಹಾಸಿಗೆ ಹಿಡಿದೆ. ಏಣಿ ಹತ್ತಲಾಗದೆ ಆ ವಾರ ಕಾಗದ ತಪ್ಪಿತು. ಅಜ್ಜಿ ನನ್ನ ಕೆನ್ನೆಗೆ ಗಂಧ ಅರೆದು ಹಚ್ಚುತ್ತಿದ್ದಳು. ಮಾದಪ್ಪ ಮಜ್ಜಿಗೆಗೆ ಬಂದ.

"ಮಾದಪ್ಪ, ಈ ವಾರ ಮೈಸೂರಿಂದ ಕಾಗ್ದ ಬರ್ನಿಲ್ವಾ?"

ಮಾದಪ್ಪ ನನ್ನನ್ನು ನೋಡಿದ, ಅಜ್ಜಿಯನ್ನು ನೋಡಿದ, ಲೋಟ ಕೆಳಗಿಟ್ಟ. ಊಟಕ್ಕೆ ಕೂತಿದ್ದ ಅಪ್ಪಾಜಿ ಮೆಲ್ಲಗೆ, "ಅವ್ವ, ಮಗ ಇಲ್ಲೇ ಮಲಗವಳಲ್ಲವ್ವ" ಎಂದರು.

"ಇಲ್ಲಿರೋಳು ಇಲ್ಲವಳೆ ಕಣಪ್ಪ, ನಂಗೆ ಕಣ್ಣಿಲ್ವಾ? ಅಲ್ಲಿರೋಳ ಕತೆ ಏನು ಅಂತ ಕೇಳ್ದೆ" ಎಂದುಬಿಟ್ಟಳು ಅಜ್ಜಿ. ಹೇಳಿದ ಮೇಲೆ ಅವಳಿಗೇ ತಾನು ಹೇಳಿದ್ದು ಕೇಳಿಸಿತು. ಮೊದಲು ನಂಜತ್ತೆ ನಕ್ಕಳು, ಆಮೇಲೆ ಅವ್ವ. ಊದಿದ ಕೆನ್ನೆಯಲ್ಲಿ ನಗಲಾರದೆ ನಾನು ಅಳುತ್ತಾ ನಕ್ಕೆ. ಅಜ್ಜಿ ನಗಲಿಲ್ಲ. ಗಂಧದ ಬಟ್ಟಲನ್ನು ಸುಮ್ಮನೆ ತಿರುಗಿಸುತ್ತಾ ಕೂತಳು.

"ಅಲ್ಲಿ ಪತ್ರೆ ಮರ ಅದಾ?" ಎಂದಳು ಕೊನೆಗೆ. "ಲಿಂಗಕ್ಕೆ ಬಿಲ್ಪತ್ರೆ ಬೇಕಲ್ಲ. ಅದೊಂದು ಇದ್ರೆ ನೋಡಾನ."

ಅಂಚೆ ಮಾಸ್ತರರ ಮಗಳು ಬಿಲ್ವಪತ್ರೆಯ ಸುದ್ದಿಯನ್ನು ಯಾವತ್ತೂ ಬರೆದಿರಲಿಲ್ಲ. ಅಲ್ಲಿಯವರೆಗೆ ನಾನು ಬರೆದದ್ದು ಕೇಳಿ ತಿಳಿದ ಮಾತು, ಸ್ವಲ್ಪ ಉಪ್ಪುಖಾರ ಹಚ್ಚಿದ್ದು ಅಷ್ಟೆ. ಮುಂದಿನ ಭಾನುವಾರ ಬರೆದದ್ದು ಶುದ್ಧ ಸುಳ್ಳು. 'ಇಲ್ಲಿ ಬಾವಿಯ ಹತ್ತಿರ ದೊಡ್ಡ ಬಿಲ್ವದ ಮರ ಇದೆ. ನಾನು ದಿನಾ ಮೂರು ದಳ ಕಿತ್ತು ಪೂಜೆ ಮಾಡುತ್ತೇನೆ.' ಎರಡು ವಾರ ಬಿಟ್ಟು, ಇನ್ನಷ್ಟು ನಂಬಿಸೋಣ ಎಂದು, 'ಅಡುಗೆಮನೆಯ ಹಿಂದಿನ ಬಿಲ್ವ ಚೆನ್ನಾಗಿ ಚಿಗುರಿದೆ' ಎಂದು ಬರೆದೆ. ಹಿಂದೆ ಏನು ಬರೆದಿದ್ದೆ ಎನ್ನುವುದು ಮರೆತೇ ಹೋಗಿತ್ತು. ಅಜ್ಜಿ ಎರಡೂ ಕಾಗದವನ್ನು ಮಡಿಸಿ ವಿಭೂತಿ ಚೀಲದೊಳಗೆ ಇಟ್ಟುಕೊಂಡಳು. ಮಾರನೆಯ ದಿನ ಅಪ್ಪಾಜಿಗೆ, "ಬೇಸಗೆ ಕಳೀಲಿ. ಕರ್ಕೊಂಡೋಗಿ ಬುಟ್ಟು ಬಾ" ಎಂದಳು.

ಪೆಟ್ರೋಲಿಗೆ ಬರಗಾಲವಾಗಿ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದ ಕಾಲ. ಹಿಂದುಗಡೆ ಡ್ರಮ್ಮಿನಂಥ ಒಲೆ. ಅದನ್ನು ಹೊತ್ತಿಸಿ, ಚಕ್ರ ತಿರುಗಿಸಿ ಗಾಳಿ ಹಾಕಿ, ಬಸ್ಸು ಕೆಮ್ಮಲು ಶುರುವಾಗುವಷ್ಟರಲ್ಲಿ ಬೀಳ್ಕೊಡಲು ಬಂದವರು ಮೂರು ಸಲ ಅತ್ತು ಮುಗಿಸುತ್ತಿದ್ದರು. ನನ್ನ ಟ್ರಂಕಿನ ಮೇಲೆ ಈ ಸಲ ನಿಜವಾದ ಬಿಳಿ ಬಣ್ಣದ ಹೆಸರು. ಅದನ್ನು ಮೇಲಕ್ಕೆ ಎತ್ತುವಾಗ "ಕೇರ್‌ಫುಲ್" ಎನ್ನಲು ಸ್ಟೇಷನ್ನಿನ ಆ ದಿನದಿಂದ ಕಾದಿದ್ದೆ. ಆ ಹೊತ್ತಿಗೆ ಅಜ್ಜಿಯ ಸೆರಗು ಹಿಡಿದುಕೊಂಡು ನಿಂತಿದ್ದೆ, ಮರೆತೇ ಹೋಯಿತು. ಅಜ್ಜಿ ಕರಡಿಗೆಯ ದಾರ ಎಳೆದು ಗಟ್ಟಿಯಾಗಿದೆಯೇ ನೋಡಿ, "ಕಾಗ್ದದಲ್ಲಿ ಬರ್ದಂಗೇ ಇರ್ಬೇಕು ಕಣೆ" ಎಂದಳು. ಅಷ್ಟೆ.

ಕಾನ್ವೆಂಟಿನಲ್ಲಿ ನಾನು ಬಯಸಿದ್ದೆಲ್ಲ ಇತ್ತು. ಫ್ರಾಕು, ಬೂಟು, ರಿಬ್ಬನ್ನು. ನಾನು ಬಯಸುವಾಗ ಲೆಕ್ಕಕ್ಕೇ ಹಿಡಿಯದ ಒಂದು ಸಂಗತಿಯೂ ಇತ್ತು. ಅಲ್ಲಿ ಹಸಿವಾದರೆ ಇಳಿದು ಬರಲು ಏಣಿ ಇರಲಿಲ್ಲ. ಬಾವಿ ಇತ್ತು, ಅಡುಗೆಮನೆ ಇತ್ತು, ಸಿಲ್ವರ್ ಓಕ್ ಇತ್ತು, ಸೀಬೆ ಮರ ಇತ್ತು. ಬಿಲ್ವ ಇರಲಿಲ್ಲ. ಮೊದಲ ಬೆಳಿಗ್ಗೆ ಕಾಂಪೌಂಡೆಲ್ಲ ಸುತ್ತಿ ನೋಡಿ, ಕೊನೆಗೆ ಒಂದು ಸೀಬೆಯ ಎಲೆ ಕಿತ್ತು ಶಿವನಿಗೆ ಏರಿಸಿ ಕೆನ್ನೆ ಕೆನ್ನೆ ಬಡಿದುಕೊಂಡೆ.

ನಮ್ಮ ಡಾರ್ಮಿಟರಿಯ ಸಿಸ್ಟರ್ ನೋಡಿದರು. ಕೆಂಪು ಮೂಗಿನ, ಉದ್ದನೆಯ ಐರಿಷ್ ಹೆಂಗಸು. "ವಾಟ್ ಈಸ್ ದಟ್, ಚೈಲ್ಡ್?"

ಹುಣಸೂರಿನಲ್ಲಿ ಅಂಚೆ ಮಾಸ್ತರರಿಂದ ಕಲಿತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, "ಮೈ ಗಾಡ್, ಸಿಸ್ಟರ್" ಎಂದೆ.

"ಇನ್ ದಟ್ ಲಿಟ್ಲ್ ಬಾಕ್ಸ್?"

"ಯೆಸ್ ಸಿಸ್ಟರ್. ಹೀ ಈಸ್ ಸ್ಮಾಲ್."

ಅವರು ಬಗ್ಗಿ ನೋಡಿದರು. ಆಮೇಲೆ ಕರಡಿಗೆಯನ್ನು ಎತ್ತಿ ನನ್ನ ಫ್ರಾಕಿನ ಒಳಗೆ ಜಾರಿಸಿ, ಓಡುವಾಗ ಅವನಿಗೆ ಪೆಟ್ಟಾಗದ ಹಾಗೆ ನೋಡಿಕೋ ಎಂದರು. ಸಿಲುಬೆ ಕಟ್ಟುತ್ತಾರೆ ಎಂದಿದ್ದ ಅಜ್ಜಿಗೆ ಇದನ್ನು ಬರೆಯಬೇಕಿತ್ತು. ಬರೆಯಲಿಲ್ಲ. ಯಾಕೆಂದರೆ ಭಾನುವಾರ ಪೆನ್ನು ಹಿಡಿದು ಕೂತಾಗ ನನಗೆ ಬರೆಯಬೇಕೆನಿಸಿದ್ದು ಒಂದೇ ಸಾಲು, 'ನನ್ನನ್ನು ಕರೆದುಕೊಂಡು ಹೋಗಿ.' ಆದರೆ ಅಷ್ಟು ವಾರ ಇಲ್ಲಿ ಸುಖವಾಗಿದ್ದೇನೆ ಎಂದು ಬರೆದವಳು ಈಗ ಯಾವ ಮುಖ ಇಟ್ಟುಕೊಂಡು ಅದನ್ನು ಬರೆಯಲಿ? ಅದಕ್ಕೆ ಅಟ್ಟದ ಹಳೆಯ ಕಾಗದವನ್ನೇ ನೆನಪಿನಿಂದ ಇಳಿಸಿದೆ. ಮಹಾರಾಜಶ್ರೀ ಅಜ್ಜಿಯವರ ಪಾದಗಳಿಗೆ, ನಾನು ಕ್ಷೇಮ, ಬಾಳೆಹಣ್ಣು, ಎಣ್ಣೆ, ಬಾವಿಯ ಹತ್ತಿರದ ಬಿಲ್ವ. ಕಾಗದದ ಮೇಲೆ ಕಣ್ಣೀರು ಬೀಳದ ಹಾಗೆ ತಲೆಯನ್ನು ಒಂದು ಕಡೆ ವಾಲಿಸಿಕೊಂಡು ಬರೆದೆ. ಮುಂದಿನ ಭಾನುವಾರವೂ ಅದೇ. ಅದರ ಮುಂದಿನ ಭಾನುವಾರವೂ.

ಬಿಲ್ವದ ಸುಳ್ಳು ಹೊರಬೀಳಬಾರದು ಎಂಬ ಒಂದು ಆಸೆ ಮಾತ್ರ ಉಳಿದಿತ್ತು. ಅಜ್ಜಿ ಇಲ್ಲಿಗೆ ಬರದಿದ್ದರೆ ಸಾಕು. ಲಕ್ಷ್ಮಣತೀರ್ಥ ದಾಟಿ ಮೋಟಾರು ಹತ್ತಿದವಳೇ ಅಲ್ಲ ಅವಳು, ಬರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಬಂದಳು. ಮಳೆಗಾಲದ ಒಂದು ಭಾನುವಾರ, ವಿಸಿಟರ್ಸ್ ಪಾರ್ಲರಿಗೆ ನನ್ನನ್ನು ಕರೆದರು. ಒಳಗೆ ಹೋದರೆ, ಮಾತೆ ಮೇರಿಯ ಪ್ರತಿಮೆಯ ಕೆಳಗೆ ಎರಡು ಕುರ್ಚಿಗಳ ತುದಿಯಲ್ಲಿ ಅಜ್ಜಿ ಮತ್ತು ನಂಜತ್ತೆ. ಬಸ್ಸಿನ ಇದ್ದಿಲು ಹೊಗೆಗೆ ಇಬ್ಬರ ಮುಖವೂ ಬಾಣಲೆಯ ತಳ. ಹಣೆಯ ವಿಭೂತಿ ಮಾತ್ರ ಮೂರು ಬಿಳಿ ಗೆರೆ. ಕಾಲ ಬಳಿ ಒದ್ದೆ ಗೋಣಿ ಮುಚ್ಚಿದ ಒಂದು ಬುಟ್ಟಿ. ಚಕ್ಕುಲಿ ತಂದಿದ್ದಾರೆ ಎಂದುಕೊಂಡೆ. ಚಕ್ಕುಲಿಗೆ ಯಾರಾದರೂ ಒದ್ದೆ ಗೋಣಿ ಮುಚ್ಚುತ್ತಾರೆಯೇ ಎಂದು ನನಗೆ ಹೊಳೆಯಲಿಲ್ಲ. ಓಡಿ ಹೋಗಿ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿದೆ. ಬಿಳಿ ಫ್ರಾಕಿನ ಮುಂಭಾಗವೆಲ್ಲ ಕಪ್ಪಾಯಿತು.

ಅಜ್ಜಿ ನನ್ನ ತಲೆ ಮೂಸಿದಳು. "ಎಣ್ಣೆ ಆಕವ್ರೆ ಕಣೆ ನಂಜಿ" ಎಂದಳು. ಕರಡಿಗೆ ಮುಟ್ಟಿ ನೋಡಿದಳು. ಆಮೇಲೆ ಎದ್ದು ನಿಂತಳು. "ನಡಿ, ಪತ್ರೆ ಮರ ತೋರ್ಸು."

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಈಗ ಟ್ರಂಕು ಎತ್ತು, ನಡಿ ಮನೆಗೆ ಎನ್ನುತ್ತಾಳೆ. ಇಷ್ಟು ದಿನ ಅದನ್ನೇ ಬಯಸಿ ಅತ್ತವಳಿಗೆ, ಆ ಗಳಿಗೆಯಲ್ಲಿ ಹೋಗಲು ಸುತರಾಂ ಇಷ್ಟವಿಲ್ಲ ಎನ್ನುವುದು ಗೊತ್ತಾಯಿತು. ನನ್ನ ಮಂಚ, ನನ್ನ ಹೆಸರಿನ ಟ್ರಂಕು, ಅರ್ಧ ಕಲಿತ ಇಂಗ್ಲಿಷ್ ಹಾಡು, ಎಲ್ಲ ಕಣ್ಣ ಮುಂದೆ ಬಂತು.

ಬಾಗಿಲಲ್ಲಿದ್ದ ಸಿಸ್ಟರ್, "ವಾಟ್ ಡಸ್ ಗ್ರ್ಯಾನಿ ವಾಂಟ್?" ಎಂದರು.

"ಟು ಸೀ ಎ ಟ್ರೀ, ಸಿಸ್ಟರ್."

"ಹೌ ನೈಸ್. ವಿಚ್ ಟ್ರೀ?"

"ದಿ ಒನ್ ವಿಚ್ ಈಸ್ ನಾಟ್ ದೇರ್, ಸಿಸ್ಟರ್" ಎಂದು ಜೋರಾಗಿ ಅತ್ತೆ. ಅಳುತ್ತಲೇ ಅಜ್ಜಿಯ ಕಡೆ ತಿರುಗಿ, "ಮರ ಇಲ್ಲ ಅಜ್ಜಿ. ಸುಳ್ಳು ಬರೆದೆ" ಎಂದೆ.

ಅಜ್ಜಿ ವಿಭೂತಿ ಚೀಲದಿಂದ ಎರಡು ರಸೀತಿ ಕಾಗದ ತೆಗೆದಳು. ಮಡಿಸಿ ಮಡಿಸಿ ಹರಿದುಹೋಗುವಂತಾಗಿದ್ದವು.

"ಗೊತ್ತು ಕಣೆ. ಇದ್ರಲ್ಲಿ ಬಾವಿ ತಾವ ಅದೆ ಅಂದೆ. ಇದ್ರಲ್ಲಿ ಅಡ್ಗೆಮನೆ ಇಂದೆ ಅಂದೆ. ಮಾದಪ್ಪನ ಕೈಲಿ ನಾಕ್ ಸಲಿ ಓದಿಸ್ದೆ. ಮರ ಎಲ್ಲಾರ ನಡೀತದಾ?"

ನಂಜತ್ತೆಗೆ ನಗು ತಡೆಯಲಾಗಲಿಲ್ಲ. ಬುಟ್ಟಿಯ ಮೇಲಿನ ಗೋಣಿ ಎತ್ತಿದಳು. ಒಳಗೆ, ಮಣ್ಣಿನ ಹೆಂಟೆಯ ಸಮೇತ, ಮೊಳದುದ್ದದ ಬಿಲ್ವದ ಸಸಿ.

"ಗೂಟ ಹೊಡ್ದು ಬುಟ್ಟವಳೆ ನಮ್ ಮಗ. ಅಸ ತರೋರು ಯಾರು, ನಾವೇ ಅಲ್ವಾ?" ಎಂದಳು.

"ಈ ಸಲಿ ಓರಿ ಬರ್ದೇ ಇರಂಗೆ ನೋಡ್ಕೊ" ಎಂದಳು ಅಜ್ಜಿ, ಮುಖ ಗಂಟಿಕ್ಕಿಕೊಂಡೇ. ನನ್ನ ಕಡೆ ತಿರುಗಿ, "ಈಗ್ಲಾರ ಒಂದ್ ಮಾತು ಏಳು. ಬಾವಿ ತಾವ್ಲಾ, ಅಡ್ಗೆಮನೆ ಇಂದ್ಲಾ?"

"ಬಾವಿ" ಎಂದೆ.

ತೋಟದವನ ಗುದ್ದಲಿ ಇಸಿದುಕೊಂಡು ನಂಜತ್ತೆ ಗುಂಡಿ ತೋಡಿದಳು. ಅಜ್ಜಿ ಸಸಿ ಹಿಡಿದಳು, ನಾನು ಮಣ್ಣು ಎಳೆದೆ. ಸಿಸ್ಟರ್ ತಾವೇ ಬಿಂದಿಗೆ ಎತ್ತಿಕೊಂಡು ಬಂದು ನೀರು ಹಾಕುತ್ತಾ, ಇದು ಯಾತಕ್ಕೆ ಎಂದು ಕೇಳಿದರು. "ಫಾರ್ ದಿ ಸ್ಮಾಲ್ ಗಾಡ್, ಸಿಸ್ಟರ್" ಎಂದೆ. ಅವರು ಉಳಿದ ನೀರನ್ನೂ ಪೂರ್ತಿ ಹಾಕಿದರು.

ಆ ಬಿಲ್ವ ಬೆಳೆಯಿತು. ನಾನು ಶಾಲೆ ಬಿಡುವ ಹೊತ್ತಿಗೆ ನನಗಿಂತ ಎತ್ತರವಾಗಿ, ಹುಡುಗಿಯರ ರಿಬ್ಬನ್ನುಗಳನ್ನು ಮುಳ್ಳಿಗೆ ಸಿಕ್ಕಿಸಿಕೊಳ್ಳುತ್ತಿತ್ತು. ಎಷ್ಟೋ ವರ್ಷದ ಮೇಲೆ ಒಮ್ಮೆ ಹೋದಾಗ ಕಾಯಿ ಬಿಟ್ಟಿತ್ತು. ಕಾನ್ವೆಂಟಿನಲ್ಲಿ ಇದು ಹೇಗೆ ಬಂತು ಎಂದು ಅಲ್ಲಿದ್ದ ಚಿಕ್ಕ ಸಿಸ್ಟರನ್ನು ಕೇಳಿದೆ. "ಮೊದಲಿಂದಲೂ ಇದೆ ಮೇಡಮ್" ಎಂದರು. ನಾನು ಹೌದೆಂದೆ. ಮರ ಹುಟ್ಟುವ ಮೊದಲಿನಿಂದಲೂ ಅದು ಅಲ್ಲಿತ್ತು, ರಸೀತಿಯ ಬೆನ್ನಿನ ಮೇಲೆ.

ಮದುವೆಯಾಗುವ ಮುಂಚೆ ಒಂದು ದಿನ ಅಜ್ಜಿಯನ್ನು ಕೇಳಿದ್ದೆ. ಸುಳ್ಳು ಎಂದು ಗೊತ್ತಿದ್ದೂ ನನ್ನನ್ನು ಯಾಕೆ ಕಳಿಸಿದೆ?

"ನಾನೆಲ್ಲಿ ಕಳಿಸ್ದೆ? ಅಟ್ಟ ಅತ್ತಿ ನೀನಾಗ್ಲೇ ಒಂಟೋಗಿದ್ದೆ. ನಾನು ಟ್ರಂಕು ಕಳಿಸ್ದೆ ಅಷ್ಟೆಯಾ" ಎಂದಳು.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. "ವಾವ್ ಅಜ್ಜಿ, ಯು ಮ್ಯಾನಿಫೆಸ್ಟೆಡ್ ಎ ಟ್ರೀ!" ಎಂದಳು. ಇರಬಹುದು. ಆದರೆ ನಾನು ಬಯಸಿದ ಯಾವ ಚಿತ್ರದಲ್ಲೂ ಮುಖಕ್ಕೆ ಮಸಿ ಹತ್ತಿದ ಅಜ್ಜಿ ಪಾರ್ಲರಿನ ಕುರ್ಚಿಯ ತುದಿಯಲ್ಲಿ ಕೂತಿರಲಿಲ್ಲ. ಅದನ್ನು ಬಯಸುವಷ್ಟು ಬುದ್ಧಿ ನನಗೆ ಇರಲಿಲ್ಲ. ಅದು ತಾನಾಗಿ ಬಂತು, ಇದ್ದಿಲು ಬಸ್ಸಿನಲ್ಲಿ, ಬುಟ್ಟಿ ಹಿಡಿದುಕೊಂಡು.

ಅವಳ ಯೂನಿವರ್ಸಿನ ಬಗ್ಗೆ ನನಗೆ ತಕರಾರಿಲ್ಲ. ನನಗೆ ಗೊತ್ತಿರುವ ಯೂನಿವರ್ಸಿಗೆ ಸಂಜೆಯ ಹೊತ್ತು ಬೇಲಿಯಾಚೆ ಹುಲ್ಲು ಹಾಕಬೇಕಾಗುತ್ತಿತ್ತು, ಅಷ್ಟೆ.

ಇವತ್ತು ಬೆಳಿಗ್ಗೆ ಅವಳು ಬ್ಯಾಂಕಿಗೆ ಹೋದ ಮೇಲೆ ಕೆಲಸದ ರತ್ನಳನ್ನು ಕರೆದು ನನ್ನ ಈಜಿ ಚೇರನ್ನು ಎತ್ತಿಸಿ ಬಾಗಿಲ ಹಿಂದೆ ಹಾಕಿಸಿದೆ. ವರಾಂಡದ ಮೂಲೆ ಗುಡಿಸಿ ಒರೆಸಿ ಆಯಿತು. ಎಲೆಕ್ಟ್ರಿಷಿಯನ್ನಿಗೆ ಫೋನು ಮಾಡಿ, ಅಲ್ಲೊಂದು ಪ್ಲಗ್ ಪಾಯಿಂಟ್ ಕೂರಿಸಲು ಹೇಳಿದ್ದೇನೆ. ಚಕ್ರಕ್ಕೆ ಕರೆಂಟು ಬೇಕಲ್ಲ.

"ಇಲ್ಲಿ ಏನಿಡ್ತೀರಮ್ಮ?" ಎಂದಳು ರತ್ನ.

"ಇಟ್ಟಾಗಿದೆ. ಕೇರ್‌ಫುಲ್, ತುಳಿದುಬಿಟ್ಟೀಯ" ಎಂದೆ.

ಬಾಗಿಲ ಹಿಂದೆ ಗಾಳಿ ಸ್ವಲ್ಪ ಕಡಿಮೆ. ಆದರೂ ಯೋಚನೆ ಮಾಡಲು ಅಡ್ಡಿಯಿಲ್ಲ.